ನಾಲ್ಕು ಘಾಟಿ ದಾಟಿದವರು

2025ರ ಜನವರಿ 17, ಶುಕ್ರವಾರ ಬೆಳಿಗ್ಗೆ ಏಳರ ಸುಮಾರಿಗೆ ಅವರು ದಾವಣಗೆರೆ ವಿನೋಬನಗರದ ತಮ್ಮ ಮನೆಯಲ್ಲಿ ತೀರಿಕೊಂಡರು. ವಯಸ್ಸು ಅರವತ್ತಾರು. ಹೃದಯದ ತೊಂದರೆ ಇತ್ತು. ಅಂದೇ ಜುಮ್ಮಾ ನಮಾಜಿನ ನಂತರ ದಫನ್ ಆಯಿತು. ಮರುದಿನ ನಮ್ಮ ಪತ್ರಿಕೆಯ ಐದನೇ ಪುಟದಲ್ಲಿ ಹನ್ನೊಂದು ಸಾಲಿನ ನಿಧನ ವಾರ್ತೆ ಬಂತು. ಅದರಲ್ಲಿ ಒಂದು ಸಾಲು ತಪ್ಪಾಗಿತ್ತು. ಆ ಸಾಲನ್ನು ಎರಡೂವರೆ ವರ್ಷದ ಹಿಂದೆ ಬರೆದವನು ನಾನು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಪತ್ರಿಕೆಯಲ್ಲಿ ತಮ್ಮ ಹೆಸರು ಕಾಣುವುದು ಕೊನೆಕೊನೆಗೆ ಅವರಿಗೆ ಬೇಡವಾಗಿತ್ತು.

ಹರಿಹರದ ಪಕ್ಕದ ಗುತ್ತೂರಿನ ಹತ್ತಿರ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಅವರು ಮೂವತ್ತೆರಡು ವರ್ಷ ಕೆಲಸ ಮಾಡಿದರು. ಕೊನೆಯ ಇಪ್ಪತ್ತು ವರ್ಷ ಇನ್‌ಸ್ಪೆಕ್ಷನ್ ವಿಭಾಗ. ಲೇತ್‌ನಿಂದ ಬಂದ ಶಾಫ್ಟುಗಳನ್ನು ಗೇಜಿನಲ್ಲಿ ಹಾಕಿ ನೋಡುವುದು, ಅಳತೆ ಸರಿಯಿದ್ದರೆ ಮುಂದಕ್ಕೆ ಕಳಿಸುವುದು, ಇಲ್ಲದಿದ್ದರೆ ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟು ಬದಿಗಿಡುವುದು. ಕಾರ್ಖಾನೆಯ ಬಸ್ಸು ಮನೆಯ ಹತ್ತಿರದ ಸರ್ಕಲ್‌ಗೇ ಬರುತ್ತಿದ್ದರೂ ಅವರು ಹೋಗಿ ಬರುತ್ತಿದ್ದುದು ಸೈಕಲ್‌ನಲ್ಲಿ. ಬಸ್ಸಿನಲ್ಲಿ ಕೂತರೆ ಕೆಂಪು ಚುಕ್ಕೆ ಇಡಿಸಿಕೊಂಡವರ ಮುಖ ನೋಡಿಕೊಂಡು ಹೋಗಬೇಕಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ.

ನಿವೃತ್ತಿಯಾದ ಮೇಲೆ ಒಂದು ಸೋಮವಾರ ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ಆ ವಾರದ ಪತ್ರಿಕೆಗಳು. ಅಲ್ಲಲ್ಲಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು.

"ಎಡಿಟರ್ ಸಾಹೇಬ್ರೆ, ಈ ವಾರ ಮೂರು ಪೀಸ್ ರಿಜೆಕ್ಟ್."

ನಾನು ಎಡಿಟರ್ ಅಲ್ಲ, ಜಿಲ್ಲಾ ಪುಟಗಳ ಸುದ್ದಿ ಸಂಪಾದಕ ಎಂದೆ.

"ನನಗದೆಲ್ಲಾ ಗೊತ್ತಾಗಲ್ರಿ. ತಪ್ಪು ಒಪ್ಕೊಳ್ಳೋ ಮನುಷ್ಯ ಯಾರು ಅದಾರೋ ಅವ್ರೇ ಎಡಿಟರ್. ನೀವಾ ಅಲ್ಲಾ, ಬ್ಯಾರೇರಾ?"

ನಾನೇ ಎಂದು ಕೂರಿಸಿದೆ. ಮೊದಲನೆಯದು, ಹರಿಹರದ ಸೇತುವೆಯ ಬಳಿ ಲಾರಿ ಪಲ್ಟಿ ಎಂಬ ಸುದ್ದಿಯ ಪಕ್ಕ ಟ್ರ್ಯಾಕ್ಟರಿನ ಚಿತ್ರ. ಎರಡನೆಯದು, ಒಬ್ಬರ ವಯಸ್ಸು ಒಂದೇ ಸುದ್ದಿಯಲ್ಲಿ ಎರಡು ಥರ. ಮೂರನೆಯದಕ್ಕೆ ಅವರು ಸ್ವಲ್ಪ ಮುಂದೆ ಬಾಗಿದರು.

"ಕೆ.ಬಿ. ಬಡಾವಣೆಯಾಗೆ ಶನಿವಾರ ಕರೆಂಟ್ ಇರಲ್ಲ ಅಂತ ಹಾಕಿದ್ರಿ. ನಮ್ಮ ತಂಗಿ ಮನೆ ಅಲ್ಲೈತೆ. ಶುಕ್ರವಾರನೇ ಎರಡು ದಿನದ್ದು ದೋಸೆ ಹಿಟ್ಟು ರುಬ್ಬಿ ಇಟ್ಳು. ಕರೆಂಟ್ ಹೋಗ್ಲೇ ಇಲ್ಲ. ಭಾನುವಾರ ಹೋತು. ಈಗ ಆ ಹುಳಿ ಹಿಟ್ಟು ಯಾರು ತಿನ್ಬೇಕು?"

ಮರುದಿನ ಬೆಳಿಗ್ಗೆ ಒಂದು ಡಬ್ಬಿಯಲ್ಲಿ ನಾಲ್ಕು ದೋಸೆ ತಂದು ನನ್ನ ಮೇಜಿನ ಮೇಲಿಟ್ಟರು. "ನಿಮ್ಮ ಪಾಲು" ಎಂದು ಹೇಳಿ, ಕೂರದೆ ಹೋದರು. ದೋಸೆ ನಿಜಕ್ಕೂ ಹುಳಿಯಾಗಿತ್ತು.

ಐದನೇ ಪುಟದ ಕೆಳಗೆ 'ತಿದ್ದುಪಡಿ' ಎಂಬ ಸಣ್ಣ ಚೌಕ ಶುರುವಾದದ್ದು ಆ ವಾರ. ಅದನ್ನು ಬರೆಯುವ ಕೆಲಸ ನನ್ನದು. ಕಚೇರಿಯಲ್ಲಿ ಅವರಿಗೆ ಗೇಜ್ ಸಾಹೇಬ್ರು ಎಂದು ಹೆಸರು ಬಿತ್ತು. ಸೋಮವಾರ ಹನ್ನೊಂದು ಗಂಟೆಗೆ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿದರೆ ವರದಿಗಾರರು ಚಹಾಕ್ಕೆಂದು ಎದ್ದುಹೋಗುತ್ತಿದ್ದರು. ಅವರಿಗೆ ಅದು ಗೊತ್ತಿತ್ತು. "ನಿಮ್ಮ ಮಂದಿಗೆ ನನ್ನಿಂದ ಭಾಳ ಚಾ ಕುಡಿಯಂಗಾತು" ಎನ್ನುತ್ತಿದ್ದರು.

ಅವರ ವಿಷಯದಲ್ಲಿ ನಾನು ಕೇಳಿದ ಕಥೆಗಳಲ್ಲಿ ಮುಖ್ಯವಾದದ್ದನ್ನು ಹೇಳಿದವರು ಗುತ್ತೂರಿನ ಒಬ್ಬ ಟರ್ನರ್. ಅದೇ ಕಾರ್ಖಾನೆಯಲ್ಲಿ ಲೇತ್ ಮೇಲೆ ಇದ್ದವರು. ಈಗ ಊರಲ್ಲಿ ಎರಡು ಎಕರೆ ಹೊಲ ನೋಡಿಕೊಂಡಿದ್ದಾರೆ. ಹರಿಹರ ರೈಲು ನಿಲ್ದಾಣದ ಹತ್ತಿರ ಒಂದು ಚಹಾದಂಗಡಿಯಲ್ಲಿ ಕಾರ್ಖಾನೆಯ ಏಳೆಂಟು ನಿವೃತ್ತರು ಪ್ರತಿ ಗುರುವಾರ ಸೇರುತ್ತಿದ್ದರು. ನಮ್ಮವರೂ ದಾವಣಗೆರೆಯಿಂದ ಸೈಕಲ್ ತುಳಿದು ಹೋಗುತ್ತಿದ್ದರು. ಒಂದೆರಡು ಸಲ ನನ್ನನ್ನೂ ಕರೆದುಕೊಂಡು ಹೋದರು. ಟರ್ನರ್ ನಮ್ಮವರನ್ನು ಎದುರಿಗೇ ಕೂರಿಸಿಕೊಂಡು ಹೇಳಿದರು:

"ಈ ಪುಣ್ಯಾತ್ಮ ನನ್ನ ನಲವತ್ತು ಶಾಫ್ಟಿಗೆ ಒಂದೇ ದಿನ ಚುಕ್ಕಿ ಇಟ್ಟ ನೋಡ್ರಿ. ನಲವತ್ತಕ್ಕೆ ನಲವತ್ತು! ಆ ವರ್ಷದ ಪ್ರಮೋಷನ್ ಪಟ್ಟಿಯಾಗೆ ನನ್ನ ಹೆಸ್ರು ಇತ್ತು. ಹೋತು. ಹನ್ನೊಂದು ದಿನ ನಾನು ಈತನ್ನ ಮಾತಾಡ್ಸಲಿಲ್ಲ. ಹನ್ನೆರಡನೇ ದಿನ ನೋಟಿಸ್ ಬೋರ್ಡ್ ಮುಂದೆ ಮಂದಿ. ಏನಪಾ ಅಂತ ಹೋಗಿ ನೋಡ್ತೀನಿ, ಈತನ ಕೈಬರಹ. 'ನಲವತ್ತು ಪೀಸ್ ಸರಿ ಇದ್ದವು. ಗೇಜ್ ಸವೆದಿತ್ತು. ಗೇಜ್ ಪರೀಕ್ಷೆ ಮಾಡದೇ ಇದ್ದದ್ದು ನನ್ನ ತಪ್ಪು.' ಕೆಳಗೆ ಸಹಿ. ಸೂಪರ್‌ವೈಸರ್ ಬ್ಯಾಡ ಅಂದ್ರಂತೆ, ಒಳಗೇ ಮುಗಿಸೋಣ ಅಂದ್ರಂತೆ. ಕೇಳಿಲ್ಲ. ನಾನು ಶಿಫ್ಟ್ ಬಿಟ್ಟ ಮ್ಯಾಲೆ ಸೈಕಲ್ ಹಿಂದೆ ಓಡಿ ಹೋಗಿ ನಿಲ್ಲಿಸ್ದೆ. ಬರ್ರಿ, ಚಾ ಕುಡಿಯೋಣ ಅಂದೆ. ಏನಂದ ಗೊತ್ತಾ? ಮೊದ್ಲು ಬೈರಿ, ಆಮ್ಯಾಲೆ ಚಾ ಅಂದ."

"ಬೈದ್ರಾ?" ಎಂದೆ.

"ಬಿಡ್ತೀನಾ? ರಸ್ತೆ ಮ್ಯಾಲೆ ನಿಂತು ಹತ್ತು ನಿಮಿಷ ಬೈದೆ. ಆಮ್ಯಾಲೆ ಕುಡಿದ್ವಿ."

ನಮ್ಮವರು ಅಷ್ಟೂ ಹೊತ್ತು ಲೋಟದ ಅಂಚು ಒರೆಸುತ್ತ ಕೂತಿದ್ದರು. ಕೊನೆಗೆ, "ಹನ್ನೊಂದು ದಿನ ಅಲ್ಲ, ಒಂಬತ್ತು. ನಡುವೆ ಎರಡು ರಜಾ ಇದ್ವು" ಎಂದರು.

ನನಗೆ ಸಕ್ಕರೆ ಕಾಯಿಲೆ. ವೈದ್ಯರು ಸೈಕಲ್ ತುಳಿಯಲು ಹೇಳಿದ್ದರು. ಬೆಳಗಿನ ಹೊತ್ತು ಅವರ ಜೊತೆ ಹರಿಹರದ ಕಡೆಗೆ ಹೋಗಿ ಬರುವುದು ರೂಢಿಯಾಯಿತು. ಹಾಗೆ ಹೋಗುವಾಗ ಒಂದು ದಿನ ಅವರೇ ಲೆಕ್ಕ ಹೇಳಿದರು. ದಿನಕ್ಕೆ ಇಪ್ಪತ್ತೆಂಟು ಕಿಲೋಮೀಟರ್, ವರ್ಷಕ್ಕೆ ಮುನ್ನೂರು ದಿನ, ಮೂವತ್ತೆರಡು ವರ್ಷ.

"ಭೂಮಿಗೆ ಆರೂವರೆ ಸುತ್ತು ಆತು ಸಾಹೇಬ್ರೆ. ಆದ್ರೆ ಒಂದು ಗುಡ್ಡ ಹತ್ತಿಲ್ಲ ನೋಡ್ರಿ. ಎಲ್ಲಾ ಸಪಾಟು."

ಮನಾಲಿಯಿಂದ ಲೇಹ್‌ಗೆ ಹೋಗುವ ರಸ್ತೆಯ ವಿಷಯ ಅವರಿಗೆ ಎಲ್ಲಿಂದ ಹತ್ತಿತೋ ತಿಳಿಯದು. ಸುಮಾರು ಐನೂರು ಕಿಲೋಮೀಟರ್. ನಡುವೆ ಹಿಮಾಲಯದ ಐದು ಘಾಟಿಗಳು: ರೋಹ್ತಾಂಗ್, ಬಾರಾಲಾಚಾ, ನಕೀ, ಲಾಚುಲುಂಗ್, ತಂಗ್ಲಂಗ್. ಕೊನೆಯದು ಹದಿನೇಳು ಸಾವಿರ ಅಡಿಗಿಂತ ಎತ್ತರ. ಕಂಪನಿಗಳು ಸವಾರರನ್ನು ಗುಂಪಿನಲ್ಲಿ ಕರೆದೊಯ್ಯುತ್ತವೆ. ಹಿಂದೆ ಜೀಪು, ಮುಂದೆ ಗೈಡ್, ರಾತ್ರಿಗೆ ಟೆಂಟ್. ಅದರಲ್ಲಿ ಹೋಗೋಣ ಎಂದು ನಾನು ಹೇಳಿದೆ.

"ಗೈಡ್ ಬ್ಯಾಡ್ರಿ. ಗೈಡ್ ಇದ್ರೆ ಅವನಿಗೆ ಹಸಿವಾದಾಗ ನಾವು ಉಣ್ಬೇಕು, ಅವನಿಗೆ ನಿದ್ದಿ ಬಂದಾಗ ನಾವು ಮಲಗ್ಬೇಕು."

ಕಾರ್ಖಾನೆಯ ಇನ್‌ಸ್ಪೆಕ್ಷನ್ ಶೀಟಿನಂತೆಯೇ ಗೆರೆ ಹಾಕಿದ ಒಂದು ಹಾಳೆ ತಯಾರಿಸಿದರು. ದಿನ, ದೂರ, ಎತ್ತರ, ನೀರು ಸಿಗುವ ಜಾಗ, ಮಲಗುವ ಜಾಗ. ಕೊನೆಯ ಕಾಲಂ ಖಾಲಿ. ಅದು ಫಲಿತಾಂಶದ್ದು. ಒಂದು ನಿಯಮವನ್ನೂ ಮಾಡಿದರು: "ಏರು ಬಂದ್ರೆ ಇಳಿದು ತಳ್ಳಬಹುದು. ಬ್ಯಾರೆ ಗಾಲಿ ಮುಟ್ಟಬಾರ್ದು."

ದಾವಣಗೆರೆಯಲ್ಲಿ ಏರು ಎಂದರೆ ರೈಲ್ವೆ ಮೇಲ್ಸೇತುವೆ. ನಾಲ್ಕು ತಿಂಗಳು ಬೆಳಿಗ್ಗೆ ಆರಕ್ಕೆ ಹೋಗಿ ಅದನ್ನೇ ಮೂವತ್ತು ಸಲ ಹತ್ತಿ ಇಳಿಯುತ್ತಿದ್ದೆವು. ಟ್ರಾಫಿಕ್ ಪೊಲೀಸ್ ಒಬ್ಬರು ಒಂದು ವಾರ ನೋಡಿ ಕೊನೆಗೆ ತಡೆದರು.

"ಏನ್ರಿ ಯಜಮಾನ್ರೆ, ಏನರ ಕಳಕೊಂಡೀರಾ?"

"ಹೂಂರಿ, ಹೊಟ್ಟಿ" ಎಂದು ಅವರು ನನ್ನ ಕಡೆ ಕೈ ತೋರಿಸಿದರು. "ಇವ್ರದು. ಇನ್ನೂ ಪೂರ್ತಿ ಕಳೆದಿಲ್ಲ."

ಹೊರಡುವ ಹಿಂದಿನ ದಿನ ನಾನು ಒಂದು ಕೆಲಸ ಮಾಡಿದೆ. ಅದನ್ನು ಇಲ್ಲಿ ವಿವರಿಸಬೇಕು. ಜಿಲ್ಲಾ ಪತ್ರಿಕೆಗಳಲ್ಲಿ ಸುದ್ದಿಯನ್ನು ಮುಂಗಡವಾಗಿ ಬರೆದಿಡುವ ಪದ್ಧತಿ ಇದೆ. ಸಂಜೆಯ ಸಮಾರಂಭದ ವರದಿ ಮಧ್ಯಾಹ್ನವೇ ತಯಾರಾಗುತ್ತದೆ. ಉದ್ಘಾಟಿಸಿದರು, ಮಾತನಾಡಿದರು, ಉಪಸ್ಥಿತರಿದ್ದರು. ಕಾರ್ಯಕ್ರಮ ಆಯಿತು ಎಂದು ಒಂದು ಫೋನ್ ಬಂದರೆ ಪುಟಕ್ಕೆ ಹೋಗುತ್ತದೆ. ನಾನು ಅದೇ ರೀತಿ ನಮ್ಮ ಯಾತ್ರೆಯ ಸುದ್ದಿಯನ್ನು ಬರೆದು, ಕಚೇರಿಯ ಮುಂದೆ ಇಬ್ಬರೂ ಸೈಕಲ್ ಹಿಡಿದು ನಿಂತ ಚಿತ್ರದ ಜೊತೆ ಪುಟ ಕಟ್ಟುವ ಡೆಸ್ಕಿಗೆ ಕೊಟ್ಟೆ. ಮಾರ್ಗದಲ್ಲಿ ಫೋನ್ ಸಿಗುವುದಿಲ್ಲ, ಲೇಹ್ ತಲುಪಿದ ಕೂಡಲೇ ತಿಳಿಸುತ್ತೇನೆ, ಆಗ ಹಾಕಿ ಎಂದೆ. ಸುದ್ದಿಯ ಎರಡನೇ ವಾಕ್ಯ ಹೀಗಿತ್ತು: 'ಗೈಡ್ ಅಥವಾ ವಾಹನದ ನೆರವಿಲ್ಲದೆ ಐದೂ ಘಾಟಿಗಳನ್ನು ಸೈಕಲ್‌ನಲ್ಲೇ ದಾಟಿದರು.'

2022ರ ಆಗಸ್ಟ್ ಮೊದಲ ವಾರ ಮನಾಲಿಯಿಂದ ಹೊರಟೆವು. ಕೆಳಗೆ ಸುರಂಗ ಬಂದ ಮೇಲೆ ರೋಹ್ತಾಂಗ್ ರಸ್ತೆಯಲ್ಲಿ ಓಡಾಟ ಕಡಿಮೆ. ಎರಡು ದಿನ ಬೇಕಾಯಿತು. ಮೇಲೆ ಮಂಜು ಕವಿದಿತ್ತು, ಹತ್ತಡಿ ಆಚೆ ಏನೂ ಕಾಣಲಿಲ್ಲ. ಅವರು ಹಾಳೆ ತೆಗೆದು ಕೊನೆಯ ಕಾಲಂನಲ್ಲಿ 'ಓಕೆ' ಎಂದು ಬರೆದು, ತೇವವಾಗದಂತೆ ಅಂಗಿಯ ಒಳಗೆ ಇಟ್ಟುಕೊಂಡರು. "ಏನೂ ಕಾಣ್ಸಲಿಲ್ವಲ್ಲ" ಎಂದೆ. "ನಾವು ಬಂದಿದ್ದು ಘಾಟಿಗೆ ಕಾಣಿಸ್ತಲ್ಲ, ಸಾಕು ಬಿಡ್ರಿ" ಎಂದರು.

ಬಾರಾಲಾಚಾ ದಾಟಿ ಸರ್ಚು ಎಂಬ ಬಯಲಿಗೆ ಇಳಿದಾಗ ಅವರು ಚೀಲದಿಂದ ಮಂಡಕ್ಕಿಯ ಪ್ಯಾಕೆಟ್ ತೆಗೆದರು. ದಾವಣಗೆರೆಯಲ್ಲಿ ಹೆಂಡತಿ ಒಗ್ಗರಣೆ ಹಾಕಿ, ಗಾಳಿಯಾಡದಂತೆ ಬೆಸುಗೆ ಹಾಕಿಸಿ ಕೊಟ್ಟದ್ದು. ಎತ್ತರಕ್ಕೆ ಅದು ಫುಟ್‌ಬಾಲಿನಂತೆ ಉಬ್ಬಿತ್ತು. ಹಲ್ಲಿನಿಂದ ಅದರ ಬಾಯಿ ಕಚ್ಚಿದ್ದೇ ತಡ ಪಟ್ ಎಂದು ಒಡೆದು ಮಂಡಕ್ಕಿಯೆಲ್ಲ ಗಾಳಿಗೆ ಹಾರಿತು. ಪಕ್ಕದ ಟೆಂಟಿನ ಇಬ್ಬರು ವಿದೇಶಿಯರು ಗಾಬರಿಯಾಗಿ ಹೊರಗೆ ಬಂದರು. ನಾವು ಮೊಣಕಾಲೂರಿ ನೆಲದ ಮೇಲಿನ ಮಂಡಕ್ಕಿ ಆರಿಸಿ ತಿಂದೆವು. ಹಾಗೆ ಬಗ್ಗಿದಾಗ ನನಗೆ ತಲೆಯ ಹಿಂಭಾಗ ಸಿಡಿಯಿತು.

"ತಲೆ ನೋಯ್ತೈತಾ?" ಎಂದು ಅವರು ಕೇಳಿದರು. ಪ್ರತಿ ಸಂಜೆ ಕೇಳುತ್ತಿದ್ದರು. ಅದೂ ಹಾಳೆಯಲ್ಲಿ ಇತ್ತು.

"ಇಲ್ಲ" ಎಂದೆ.

ಅದು ಸುಳ್ಳು. ನೋವು ಬಾರಾಲಾಚಾದಿಂದಲೇ ಇತ್ತು. ಹೇಳಿದರೆ ಒಂದು ದಿನ ನಿಲ್ಲುತ್ತಾರೆ, ಒಂದು ದಿನ ನಿಂತರೆ ನನ್ನ ರಜೆ ಸಾಲುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಒಂದು ದಿನ ಅಲ್ಲೇ ನಿಂತಿದ್ದರೆ ಬಹುಶಃ ಸರಿಹೋಗುತ್ತಿತ್ತು ಎಂದು ಆಮೇಲೆ ವೈದ್ಯರು ಹೇಳಿದರು.

ಮರುದಿನ ಗಾಟಾ ತಿರುವುಗಳು. ಇಪ್ಪತ್ತೊಂದು ತಿರುವು ಎಂದು ಫಲಕ ಇದೆ. ಅವರು ಒಂದೊಂದನ್ನೂ ಎಣಿಸಿದರು. ಮೇಲೆ ನಿಂತು ಏದುಸಿರಿನಲ್ಲೇ, "ಇಪ್ಪತ್ತೊಂದು. ಬೋರ್ಡ್ ಓಕೆ" ಎಂದರು. ನಕೀ ದಾಟಿದೆವು. ಅದರ ಮರುದಿನ ಲಾಚುಲುಂಗ್ ದಾಟಿದೆವು. ಕೊನೆಯ ಮೂರು ಕಿಲೋಮೀಟರ್ ನಾನು ತಳ್ಳಿದೆ. ಅವರು ತುಳಿದರು. ಪ್ರತಿ ತಿರುವಿನಲ್ಲೂ ಇಳಿದು ನನಗಾಗಿ ಕಾದರು. ನಾಲ್ಕು 'ಓಕೆ' ಆಯಿತು.

ಮಧ್ಯಾಹ್ನ ಪಾಂಗ್ ಎಂಬ ಡೇರೆಗಳ ಊರಿಗೆ ಇಳಿಯುವ ಹೊತ್ತಿಗೆ ನನಗೆ ವಾಂತಿ ಶುರುವಾಗಿತ್ತು. ಎತ್ತರ ತಲೆಗೆ ಹತ್ತಿದೆಯೇ ಎಂದು ನೋಡಲು ಅವರು ನೆಲದ ಮೇಲೆ ಟೆಂಟಿನ ಹಗ್ಗ ಉದ್ದಕ್ಕೆ ಹಾಸಿ, "ಇದರ ಮ್ಯಾಲೆ ನಡೀರಿ" ಎಂದರು. ನಾಲ್ಕನೇ ಹೆಜ್ಜೆಗೆ ನಾನು ಪಕ್ಕಕ್ಕೆ ಹೋದೆ. ಇನ್ನೊಮ್ಮೆ ನಡೆಸಿದರು. ಮೂರನೇ ಹೆಜ್ಜೆಗೇ ಹೋದೆ.

"ಎಷ್ಟು ದಿನದಿಂದ?"

"ಸರ್ಚುವಿಗಿಂತ ಮೊದಲಿಂದ."

ಅವರು ಹಗ್ಗ ಸುತ್ತಿ ಚೀಲಕ್ಕೆ ಹಾಕಿದರು. ಬೈಯಲಿಲ್ಲ. ಅಲ್ಲಿದ್ದ ಚಿಕಿತ್ಸಾ ಡೇರೆಯಲ್ಲಿ ಆಮ್ಲಜನಕ ಕೊಟ್ಟರು. ಬೆಳಗಾಗುತ್ತಲೇ ಕೆಳಗೆ ಇಳಿಸಿ ಎಂದರು. ಲೇಹ್ ಕಡೆಗೆ ಇಳಿಯಬೇಕಾದರೂ ತಂಗ್ಲಂಗ್ ಘಾಟಿ ಹತ್ತಿಯೇ ಇಳಿಯಬೇಕು. ಲೇಹ್‌ಗೆ ತರಕಾರಿ ಒಯ್ಯುವ ಟ್ರಕ್ ಒಂದು ಸಿಕ್ಕಿತು.

ನಾನು ಟ್ರಕ್‌ನಲ್ಲಿ ಹೋಗುತ್ತೇನೆ, ನೀವು ಸೈಕಲ್‌ನಲ್ಲಿ ಬನ್ನಿ ಎಂದೆ. ಅವರ ಕಾಲು ಗಟ್ಟಿಯಿತ್ತು, ಆಕಾಶ ತಿಳಿಯಾಗಿತ್ತು, ಒಂದೇ ಘಾಟಿ ಉಳಿದಿತ್ತು.

"ನಿಮ್ಮ ಮನೆಯವ್ರಿಗೆ ಏನಂತ ಹೇಳ್ಲಿ? ಘಾಟಿ ಸಿಕ್ತು ತಂಗಿ, ನಿನ್ನ ಗಂಡ ಸಿಗ್ಲಿಲ್ಲ ಅಂತಾನಾ?" ಎಂದು ಎರಡೂ ಸೈಕಲ್ ಎತ್ತಿ ಎಲೆಕೋಸಿನ ಮೂಟೆಗಳ ಮೇಲೆ ಕಟ್ಟಿದರು.

ಘಾಟಿಯ ತುದಿಯಲ್ಲಿ ಚಾಲಕ ಟ್ರಕ್ ನಿಲ್ಲಿಸಿ, ಇಳಿದು ಫೋಟೊ ತೆಗೆದುಕೊಳ್ಳಿ ಎಂದ. ಅವರು ಇಳಿಯಲಿಲ್ಲ. ಹಿಂದಿಯಲ್ಲಿ ಅವನಿಗೆ ಹೇಳಿದ್ದು ಇಷ್ಟು: "ಹತ್ತಿದ್ದು ನಿನ್ನ ಗಾಡಿ. ನೀನು ತೆಗೆಸ್ಕೋ." ಹಾಳೆಯಲ್ಲಿ ತಂಗ್ಲಂಗ್ ಘಾಟಿಯ ಸಾಲಿನಲ್ಲಿ ಕೆಂಪು ಚುಕ್ಕೆ ಇಟ್ಟರು.

ಲೇಹ್‌ನಲ್ಲಿ ಎರಡು ದಿನಕ್ಕೆ ನಾನು ಚೇತರಿಸಿಕೊಂಡೆ. ಆ ಬೆಳಿಗ್ಗೆ ಅವರು ನನ್ನ ಮಂಚದ ತುದಿಯಲ್ಲಿ ಕೂತು, ಬಹಳ ಸಂಕೋಚದಿಂದ ಕೇಳಿದರು:

"ಸಾಹೇಬ್ರೆ, ಮೂರು ದಿನ ಕೊಡ್ತೀರಾ? ಈ ಕಡೆಯಿಂದ ಹತ್ತಿ ವಾಪಸ್ ಬರ್ತೀನಿ. ನೀವು ಇಲ್ಲೇ ಮಲಗ್ರಿ."

ವಿಮಾನ ಮರುದಿನದ್ದು. ನನ್ನ ರಜೆ ಮುಗಿಯುತ್ತಿತ್ತು. ಗಣೇಶನ ಹಬ್ಬದ ಪುರವಣಿಯ ಕೆಲಸ ಬಾಕಿಯಿತ್ತು. ನನ್ನೊಬ್ಬನನ್ನೇ ವಿಮಾನ ಹತ್ತಿಸಲು ಅವರು ಒಪ್ಪುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. "ಮುಂದಿನ ವರ್ಷ ಬರೋಣ" ಎಂದೆ.

"ಆತು ಬಿಡ್ರಿ" ಎಂದು ಎದ್ದರು.

ಆ ಮಧ್ಯಾಹ್ನ ನಾನು ಡೆಸ್ಕಿಗೆ ಫೋನ್ ಮಾಡಿ, ಲೇಹ್ ತಲುಪಿದ್ದೇವೆ, ಇಬ್ಬರೂ ಕ್ಷೇಮ ಎಂದೆ. ಬರೆದಿಟ್ಟ ಸುದ್ದಿಯ ನೆನಪು ನನಗಾಗಲಿಲ್ಲ. ಡೆಸ್ಕಿಗೆ ಆಯಿತು, ಮರುದಿನ ಅದು ಹಾಗೆಯೇ ಅಚ್ಚಾಯಿತು.

ಗುರುವಾರದ ಗೆಳೆಯರ ಒತ್ತಾಯಕ್ಕೆ ಹರಿಹರ ನಿಲ್ದಾಣದಲ್ಲೇ ಇಳಿದಾಗ ಹಾರ ಹಿಡಿದು ಇಪ್ಪತ್ತು ಜನ ನಿಂತಿದ್ದರು. ಟರ್ನರ್ ಮುಂದೆ ಬಂದು, "ಐದಕ್ಕೆ ಐದೂ ಹತ್ತಿಬಿಟ್ಟೀರಲ್ಲೋ ಮಾರಾಯಾ!" ಎಂದು ಅಪ್ಪಿಕೊಂಡರು. ನಮ್ಮವರು ಅಲ್ಲೇ, ಹಾರ ಕೊರಳಲ್ಲಿರುವಾಗಲೇ, "ನಾಲ್ಕು" ಎಂದರು. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಮುಂದಿನ ಭಾನುವಾರ ದಾವಣಗೆರೆಯ ಒಂದು ಸಂಘ ನಮ್ಮಿಬ್ಬರಿಗೂ ಸನ್ಮಾನ ಇಟ್ಟುಕೊಂಡಿತ್ತು. ಶಾಲು, ಪೇಟ, ಹಣ್ಣಿನ ಬುಟ್ಟಿ. ಮಾತಾಡಲು ಕೇಳಿದಾಗ ಅವರು ಮೈಕಿನ ಮುಂದೆ ನಿಂತು ಸ್ಪಷ್ಟವಾಗಿ ಹೇಳಿದರು: "ಪೇಪರ್‌ನಾಗೆ ಐದು ಅಂತ ಬಂದೈತೆ. ನಾವು ದಾಟಿದ್ದು ನಾಲ್ಕು. ಒಂದು ಟ್ರಕ್‌ನಾಗೆ ದಾಟಿದ್ವಿ." ನಿರೂಪಕರು ಮೈಕು ತೆಗೆದುಕೊಂಡು, "ನೋಡಿ, ದೊಡ್ಡವರ ವಿನಯ ಅಂದ್ರೆ ಇದು! ಐದು ದಾಟಿ ನಾಲ್ಕು ಅಂತಾರೆ" ಎಂದರು. ಜೋರು ಚಪ್ಪಾಳೆ ಬಂತು. ಅವರು ನನ್ನ ಕಡೆ ನೋಡಿದರು. ಮುಂದಿನ ಸರದಿ ನನ್ನದು. ನಾನು ಎದ್ದು, ರಸ್ತೆಯ ಸೌಂದರ್ಯದ ಬಗ್ಗೆ ಐದು ನಿಮಿಷ ಮಾತಾಡಿ ಕೂತೆ.

ಸೋಮವಾರ ಹನ್ನೊಂದಕ್ಕೆ ಬಂದರು. ನಮ್ಮದೇ ಚಿತ್ರವಿದ್ದ ಸುದ್ದಿಯ ಎರಡನೇ ವಾಕ್ಯಕ್ಕೆ ಕೆಂಪು ಸುತ್ತು ಹಾಕಿದ್ದರು.

"ಒಂದೇ ಪೀಸ್" ಎಂದರು.

"ನಾಳೆ ಹಾಕ್ತೀನಿ" ಎಂದೆ.

ಬರೆಯಲು ಕೂತೆ. 'ತಪ್ಪಾಗಿ ಪ್ರಕಟವಾಗಿದೆ' ಎಂದರೆ ಹೇಗೆ ತಪ್ಪಾಯಿತು ಎಂದು ಕೇಳುತ್ತಾರೆ. ಯಾತ್ರೆಗೆ ಮೊದಲೇ ಯಾತ್ರೆಯ ಸುದ್ದಿ ಬರೆದಿದ್ದೆ ಎನ್ನಬೇಕು. ಟ್ರಕ್ ಯಾಕೆ ಎಂದರೆ ನನ್ನ ತಲೆನೋವು, ಅದನ್ನು ಬಚ್ಚಿಟ್ಟದ್ದು. ಬೇರೆಯವರ ತಪ್ಪುಗಳನ್ನು ನಾನು ಎರಡು ವಾಕ್ಯದಲ್ಲಿ ತಿದ್ದುತ್ತಿದ್ದೆ. ಇದಕ್ಕೆ ಎರಡು ವಾಕ್ಯ ಸಾಲುತ್ತಿರಲಿಲ್ಲ. ಹಬ್ಬ ಮುಗಿಯಲಿ ಎಂದುಕೊಂಡೆ. ಹಬ್ಬ ಮುಗಿಯಿತು. ಸನ್ಮಾನ ಮಾಡಿದವರಿಗೆ ಮುಜುಗರವಾಗುತ್ತದೆ ಎಂದುಕೊಂಡೆ. ಇದು ಯಾರಿಗೂ ಕೇಡು ಮಾಡದ ತಪ್ಪು ಎಂದೂ ಅಂದುಕೊಂಡೆ.

ಕೇಡು ಹರಿಹರದ ಗುರುವಾರದ ಮೇಜಿನಲ್ಲಿ ಆಗುತ್ತಿತ್ತು. ಅದನ್ನು ನಾನು ಐದನೇ ಸೋಮವಾರ ಅವರ ಬಾಯಿಂದಲೇ ಕೇಳಿದೆ. ಅವರು ಅಲ್ಲಿ ಮೊದಲ ದಿನವೇ ನಾಲ್ಕು ಎಂದು ಹೇಳಿದ್ದರು. ಮೊದಮೊದಲು ಎಲ್ಲರೂ ನಕ್ಕರು. ಪದೇ ಪದೇ ಹೇಳಿದಾಗ ನಗು ನಿಂತಿತು. ಹಾಗಾದರೆ ಪೇಪರಿಗೆ ಐದು ಎಂದು ಹೇಳಿದವರು ಯಾರು ಎಂಬ ಪ್ರಶ್ನೆ ಬಂತು.

"ಟರ್ನರ್ ಎಲ್ಲರ ಮುಂದೆ ಕೇಳಿದ ಸಾಹೇಬ್ರೆ. ನಮ್ಮ ಶಾಫ್ಟಿಗೆ ಕೂದಲೆಳಿಯಷ್ಟು ಹೆಚ್ಚುಕಮ್ಮಿ ಆದ್ರೆ ಚುಕ್ಕಿ ಇಡ್ತಿದ್ದಿ. ನಿಂದು ಒಂದು ಇಡೀ ಗುಡ್ಡನೇ ಹೆಚ್ಚುಕಮ್ಮಿ ಐತಲ್ಲ, ಯಾರು ಇಡ್ಬೇಕು ಅಂದ. ಪೇಪರ್‌ನವ್ರು ತಾವೇ ಬರಕೊಂಡ್ರು ಅಂದೆ. ಪೇಪರ್‌ನವ್ರು ನಿನ್ನ ಜೊತೆಗೇ ಬಂದಿದ್ರಲ್ಲ ಅಂದ. ಚಾ ಅರ್ಧಕ್ಕೇ ಬಿಟ್ಟು ಸೈಕಲ್ ಹತ್ತಿದೆ."

"ಈ ವಾರ ಖಂಡಿತ ಹಾಕ್ತೀನಿ."

"ನಾನು ಹೇ‍ಳಿದ್ರೆ ಯಾರೂ ನಂಬಲ್ರಿ. ನೀವು ಹಾಕಿದ್ರೆ ನಂಬ್ತಾರೆ. ಅಷ್ಟೇ ಐತೆ ಇದ್ರಾಗೆ."

ಆ ವಾರ ನಾನು ಹಾಕಲಿಲ್ಲ. ಮುಂದಿನ ಸೋಮವಾರ ಅವರು ಬರಲಿಲ್ಲ. ಹನ್ನೊಂದು ಗಂಟೆಗೆ ವರದಿಗಾರರು ರೂಢಿಯಂತೆ ಎದ್ದು ಚಹಾಕ್ಕೆ ಹೋದರು. ಕೆಲವು ವಾರಗಳ ನಂತರ ಹರಿಹರಕ್ಕೂ ಅವರು ಹೋಗುತ್ತಿಲ್ಲ ಎಂದು ಗೊತ್ತಾಯಿತು. ಮರುವರ್ಷ ಬೇಸಿಗೆಯಲ್ಲಿ ಎದೆನೋವು ಬಂದು ಸ್ಟೆಂಟ್ ಹಾಕಿದರು. ಏರು ಹತ್ತಬಾರದು ಎಂದು ವೈದ್ಯರು ಹೇಳಿದರು. ತಂಗ್ಲಂಗ್ ಘಾಟಿಯ ಮಾತು ಅಲ್ಲಿಗೆ ಮುಗಿಯಿತು. ಬೆಳಗಿನ ಸವಾರಿಯೂ ನಿಂತಿತ್ತು. ನಾನು ಮನೆಗೆ ಎರಡು ಸಲ ಹೋದೆ. ಚಹಾ ಕೊಟ್ಟರು, ಮಾತಾಡಿದರು. ತಿದ್ದುಪಡಿಯ ವಿಷಯವನ್ನು ಅವರು ಎತ್ತಲಿಲ್ಲ. ಅವರು ಎತ್ತಲಿಲ್ಲವೆಂದು ನಾನೂ ಸುಮ್ಮನಿದ್ದೆ.

ಕೊನೆಯ ಸಲ ಕಂಡದ್ದು 2024ರ ನವೆಂಬರಿನಲ್ಲಿ, ಔಷಧದ ಅಂಗಡಿಯ ಮುಂದೆ. ಇಳಿದುಹೋಗಿದ್ದರು.

"ತಲೆನೋವು ಹೆಂಗೈತೆ?" ಎಂದು ಕೇಳಿದರು.

"ಈಗಿಲ್ಲ."

"ಇದ್ರೆ ಹೇಳಿಬಿಡ್ರಿ" ಎಂದು, ಮಾತ್ರೆಯ ಚೀಟಿಯನ್ನು ಅಂಗಡಿಯವನು ಕೊಟ್ಟ ಮಾತ್ರೆಗಳ ಜೊತೆ ಒಂದೊಂದಾಗಿ ತಾಳೆ ನೋಡತೊಡಗಿದರು.

ಜನವರಿ 17ರಂದು ನಾನು ಖಬರಸ್ತಾನದಿಂದ ನೇರ ಮನೆಗೆ ಹೋದೆ. ಕಚೇರಿಗೆ ಹೋಗಲಿಲ್ಲ. ನಿಧನ ವಾರ್ತೆಯನ್ನು ಡೆಸ್ಕಿನ ಸಹೋದ್ಯೋಗಿ ಬರೆದರು. ಅವರು ಮಾಡಬೇಕಾದದ್ದನ್ನೇ ಮಾಡಿದ್ದರು: ಹಳೆಯ ಸಂಚಿಕೆ ತೆಗೆದು ನೋಡಿ, ಐದೂ ಘಾಟಿಗಳನ್ನು ಸೈಕಲ್‌ನಲ್ಲೇ ದಾಟಿದ್ದರು ಎಂದು ಬರೆದಿದ್ದರು.

ಭಾನುವಾರ ಮನೆಗೆ ಹೋದೆ. ಅವರ ಮಗಳು ಶಾಲಾ ಶಿಕ್ಷಕಿ. ಬಾಗಿಲಲ್ಲೇ ನಿಂತು ಮಾತಾಡಿದರು.

"ಸರ್, ಅಬ್ಬಾ ಪೇಪರ್ ಬಂದ ಕೂಡ್ಲೇ ಮೊದಲು ಐದನೇ ಪುಟ ತೆಗಿತಿದ್ರು. ಕೆಳಗಿಂದ ಓದೋರು. ಎರಡು ವರ್ಷ ನೋಡೀನಿ ನಾನು. ಏನು ಹುಡುಕ್ತೀರಿ ಅಬ್ಬಾ ಅಂದ್ರೆ, ಏನಿಲ್ಲಮ್ಮಾ, ನಮ್ಮ ಸಾಹೇಬ್ರು ಬಿಜಿ ಇರ್ತಾರೆ ಅನ್ನೋರು."

ತಿದ್ದುಪಡಿ ಹಾಕಲು ಅವರ ಒಪ್ಪಿಗೆ ಕೇಳಿದೆ.

"ಈಗ ಕೇಳ್ತೀರಾ?" ಎಂದರು. ಆಮೇಲೆ, "ಹಾಕ್ರಿ" ಎಂದರು.

ಕಚೇರಿಯಲ್ಲಿ ವಿರೋಧ ಇತ್ತು. ತೀರಿಕೊಂಡವರ ಸಾಧನೆ ಕಡಿಮೆ ಮಾಡಿದ ಹಾಗಾಗುತ್ತದೆ ಎಂದರು. ಜನವರಿ 21ರ ಸಂಚಿಕೆಯ ಐದನೇ ಪುಟದಲ್ಲಿ ಅದು ಬಂತು. 'ಐದು ಘಾಟಿಗಳನ್ನು ಸೈಕಲ್‌ನಲ್ಲಿ ದಾಟಿದರು ಎಂದು 2022ರ ಆಗಸ್ಟ್‌ನಲ್ಲೂ ಈ ತಿಂಗಳ 18ರಂದೂ ಪ್ರಕಟವಾದದ್ದು ತಪ್ಪು. ದಾಟಿದ್ದು ನಾಲ್ಕು. ಜೊತೆಗಾರನ ಅನಾರೋಗ್ಯದಿಂದಾಗಿ ಐದನೆಯದನ್ನು ಟ್ರಕ್‌ನಲ್ಲಿ ದಾಟಬೇಕಾಯಿತು. ಆ ಜೊತೆಗಾರ ಈ ಪತ್ರಿಕೆಯ ಸುದ್ದಿ ಸಂಪಾದಕ. ಮೊದಲ ವರದಿಯನ್ನು ಅವರೇ ಯಾತ್ರೆಗೆ ಮುನ್ನ ಬರೆದಿಟ್ಟಿದ್ದರು. ತಪ್ಪನ್ನು ಮೃತರು ಆಗಲೇ ಪತ್ರಿಕೆಯ ಗಮನಕ್ಕೆ ತಂದಿದ್ದರು.'

ಗುರುವಾರ ಅದನ್ನು ಹಿಡಿದು ಹರಿಹರಕ್ಕೆ ಹೋದೆ. ಚಹಾದಂಗಡಿಯಲ್ಲಿ ಏಳು ಮಂದಿ ಇದ್ದರು. ಟರ್ನರ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಹಂಗಾದ್ರೆ ಅವ್ರು ನಮ್ಮ ಮುಂದೆ ಹೇಳಿದ್ದು ಖರೆ."

"ಖರೆ."

"ಇದು ಬರಾಕೆ ಎರಡೂವರೆ ವರ್ಷ ಬೇಕಾತಾ?"

"ಹೌದು."

"ಅವ್ರು ನೋಡಲಿಲ್ಲ."

"ಇಲ್ಲ."

ಅವರು ಪತ್ರಿಕೆಯನ್ನು ಪಕ್ಕದವರಿಗೆ ದಾಟಿಸಿದರು. ನನಗೆ ಕೂಡ್ರಿ ಎಂದು ಯಾರೂ ಹೇಳಲಿಲ್ಲ.

ಫೆಬ್ರುವರಿ 25, ಮಂಗಳವಾರ, ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಇತ್ತು. ಹರಿಹರದಿಂದ ಆ ಏಳೂ ಮಂದಿ ವಿನೋಬನಗರಕ್ಕೆ ಬಂದರು. ಅವರ ಹೆಂಡತಿ, ಗಂಡ ತೀರಿದ ಮೇಲೆ ಏಕಾಂತದಲ್ಲಿರುವ ಅವಧಿಯಾದ ಇದ್ದತ್‌ನಲ್ಲಿದ್ದುದರಿಂದ ಒಳಮನೆಯ ಪರದೆಯ ಆಚೆ ಕೂತಿದ್ದರು. ಊಟವಾದ ಮೇಲೆ ಟರ್ನರ್ ಎದ್ದು ಪರದೆಯ ಮುಂದೆ ಹೋಗಿ ನಿಂತರು.

"ಅಮ್ಮಾ, ನಾಲ್ಕೇ ಅಂತ ಅವ್ರು ನಮಗೆ ಅವತ್ತೇ ಹೇಳಿದ್ರು. ನಾವು ನಂಬಲಿಲ್ಲ" ಎಂದರು.

ಆಮೇಲೆ ಟರ್ನರ್ ಹೊರಗೆ ಬಂದು ಚಪ್ಪಲಿ ಹಾಕಿಕೊಂಡರು. ಏಳು ಮಂದಿಯೂ ಮೂರು ಗಂಟೆಯ ಬಸ್ಸಿಗೆ ಹರಿಹರಕ್ಕೆ ಹೋದರು.